ಬಸ್ರಾಕ್ಕೆ ಹೋದ ಅಣ್ಣತಮ್ಮಂದಿರು: ಇಬ್ಬರಲ್ಲಿ ಒಬ್ಬರನ್ನು ಮೊದಲು ಹುಡುಕಿ

ಪ್ರಶ್ನೆ: ನಮ್ಮ ಮುತ್ತಾತನಿಗೆ ಇಬ್ಬರು ಅಣ್ಣಂದಿರು. ಮೊದಲನೇ ಮಹಾಯುದ್ಧದಲ್ಲಿ ಇಬ್ಬರೂ ಬಸ್ರಾಕ್ಕೆ ಹೋಗಿ ಒಂದೇ ದಿನ ಗುಂಡು ತಗುಲಿ ಸತ್ತರು ಅಂತ ಮನೆಯಲ್ಲಿ ಹೇಳಿಕೊಂಡು ಬಂದಿದ್ದಾರೆ. ದೊಡ್ಡವರು ಹವಾಲ್ದಾರ, ಚಿಕ್ಕವರು ಸಿಪಾಯಿ. ನಮ್ಮದು ಆಗಿನ ಮೈಸೂರು ಸಂಸ್ಥಾನದ ಹಳ್ಳಿ. ಹಳೇ ಪೆಟ್ಟಿಗೆಯಲ್ಲಿ ಒಂದು ಬೆಳ್ಳಿ ಪದಕ, ಅಂಗೈಯಗಲದ ಒಂದು ಹಿತ್ತಾಳೆ ಬಿಲ್ಲೆ ಇವೆ. ಎರಡರ ಮೇಲೂ ಇಂಗ್ಲಿಷ್ ಅಕ್ಷರಗಳಿವೆ, ಸವೆದು ಓದಲಾಗುತ್ತಿಲ್ಲ. ದೆಹಲಿಯ ಇಂಡಿಯಾ ಗೇಟ್‌ನ ಹೆಸರುಗಳ ಪಟ್ಟಿಯಲ್ಲಿ ಇವರಿಬ್ಬರೂ ಇಲ್ಲ. ‘ಒಂದೇ ಮನೆಯ ಇಬ್ಬರನ್ನು ಯುದ್ಧಕ್ಕೆ ಕಳಿಸಬಾರದು ಅಂತ ಕಾನೂನೇ ಇತ್ತು, ಇದೆಲ್ಲ ಕಟ್ಟುಕತೆ’ ಎನ್ನುತ್ತಾರೆ ನಮ್ಮ ಚಿಕ್ಕಪ್ಪ. ಇನ್ನೊಂದು ಕಡೆ ಒಬ್ಬ ಏಜೆಂಟ್, ಬ್ರಿಟಿಷ್ ಸರ್ಕಾರದಲ್ಲಿ ಇವರ ಹಣ ಬಾಕಿ ಇದೆ, 18,000 ರೂಪಾಯಿ ಕೊಟ್ಟರೆ ದಾಖಲೆ ತೆಗೆಸಿಕೊಡುತ್ತೇನೆ ಎನ್ನುತ್ತಿದ್ದಾನೆ. ಊರಲ್ಲಿ ಇಬ್ಬರ ಹೆಸರಿನ ಕಲ್ಲು ನಿಲ್ಲಿಸಬೇಕೆಂದಿದ್ದೇವೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಚಿಕ್ಕಪ್ಪನ ಮಾತು, ಏಜೆಂಟನ ಮಾತು, ಇಂಡಿಯಾ ಗೇಟ್, ಕಲ್ಲು ಎಲ್ಲವೂ ಒಂದೇ ಅನುಮಾನದ ಸುತ್ತ ಸುತ್ತುತ್ತಿವೆ: ಇವರು ನಿಜವಾಗಿ ಯುದ್ಧದಲ್ಲಿ ಸತ್ತರೇ, ಸತ್ತಿದ್ದರೆ ಹೆಸರು ಯಾಕೆ ಎಲ್ಲೂ ಇಲ್ಲ? ಈ ಪ್ರಶ್ನೆಗೆ ಅರ್ಧ ಉತ್ತರ ನಿಮ್ಮ ಪೆಟ್ಟಿಗೆಯಲ್ಲೇ ಇರುವ ಹಾಗಿದೆ.

ಮೊದಲು ಆ ಬಿಲ್ಲೆ. ನಾನು ಅಂದುಕೊಂಡಿದ್ದೇ ಆಗಿದ್ದರೆ ಅದು ಹಿತ್ತಾಳೆಯಲ್ಲ, ಕಂಚು. ಅಡ್ಡಳತೆ ಸುಮಾರು 12 ಸೆಂಟಿಮೀಟರ್. ಒಂದು ಕೈಯಲ್ಲಿ ತ್ರಿಶೂಲ, ಇನ್ನೊಂದರಲ್ಲಿ ಎಲೆಯ ಹಾರ ಹಿಡಿದು ನಿಂತ ಹೆಂಗಸು, ಜೊತೆಗೊಂದು ಸಿಂಹ, ಆಚೀಚೆ ಎರಡು ಡಾಲ್ಫಿನ್, ತೀರ ಕೆಳಗೆ ಹದ್ದನ್ನು ಹರಿಯುತ್ತಿರುವ ಇನ್ನೊಂದು ಪುಟ್ಟ ಸಿಂಹ ಕಾಣುತ್ತವೆಯೇ ನೋಡಿ. ಸುತ್ತಂಚಿನಲ್ಲಿ ‘ಸ್ವಾತಂತ್ರ್ಯಕ್ಕಾಗಿ, ಗೌರವಕ್ಕಾಗಿ ಮಡಿದನು’ ಎಂಬರ್ಥದ ಇಂಗ್ಲಿಷ್ ಸಾಲಿರುತ್ತದೆ. (ಯಾರ ಸ್ವಾತಂತ್ರ್ಯ ಎಂಬುದು ಬೇರೆ ಮಾತು.) ಬಲಗಡೆ ಒಂದು ಚೌಕಟ್ಟಿನೊಳಗೆ ಸತ್ತವನ ಹೆಸರು ಉಬ್ಬಕ್ಷರದಲ್ಲಿ ಎರಕವಾಗಿರುತ್ತದೆ. ಬ್ರಿಟಿಷ್ ಸರ್ಕಾರ ಮೊದಲನೇ ಮಹಾಯುದ್ಧದಲ್ಲಿ ಸತ್ತವರ ಮನೆಗೆ ಕಳಿಸಿದ ಸ್ಮರಣಫಲಕ ಇದು. ಇಂಥವು 13 ಲಕ್ಷಕ್ಕೂ ಹೆಚ್ಚು ಎರಕವಾದವು. ಬದುಕಿ ವಾಪಸು ಬಂದವನಿಗೆ ಇದು ಸಿಗುತ್ತಿರಲಿಲ್ಲ. ಅಂದಮೇಲೆ ನಿಮ್ಮ ಮನೆಯಿಂದ ಹೋದ ಒಬ್ಬರಾದರೂ ಸೇವೆಯ ಲೆಕ್ಕದಲ್ಲಿ ಸತ್ತಿದ್ದು ನಿಜ. ಚಿಕ್ಕಪ್ಪನವರ ಅನುಮಾನ ಅಷ್ಟರ ಮಟ್ಟಿಗೆ ಇಲ್ಲಿಗೇ ಮುಗಿಯಿತು.

ಎರಡಲ್ಲ, ಒಂದೇ ಫಲಕ ಯಾಕಿದೆ? ಎರಡನೆಯವರ ಸಾವು ಸುಳ್ಳು ಎಂದು ಇದರಿಂದ ತೀರ್ಮಾನಿಸಬೇಡಿ. ಫಲಕ ಹೋಗುತ್ತಿದ್ದುದು ಸೈನ್ಯದ ಕಾಗದದಲ್ಲಿ ಹತ್ತಿರದ ವಾರಸುದಾರ ಎಂದು ಬರೆದವರಿಗೆ. ಮದುವೆಯಾಗದ ತಮ್ಮನದು ತಂದೆಗೆ ಬಂದಿರುತ್ತದೆ. ಮದುವೆಯಾದ ಅಣ್ಣನದು ಹೆಂಡತಿಗೆ. ಗಂಡ ಸತ್ತ ಮೇಲೆ ಆಕೆ ತವರಿಗೆ ಹೋಗಿದ್ದರೆ ಫಲಕವೂ ಆಕೆಯ ಟ್ರಂಕಿನ ಜೊತೆ ಹೋಗಿರುತ್ತದೆ. ಹವಾಲ್ದಾರರ ಹೆಂಡತಿಯ ತವರು ಯಾವುದೆಂದು ಮನೆಯ ಹಿರಿಯರನ್ನು ಕೇಳಿ, ಆ ಮನೆಯಲ್ಲಿ ವಿಚಾರಿಸಿ. ಅದು ಅಲ್ಲಿ ಪಾತ್ರೆಯ ಮುಚ್ಚಳವಾಗಿಯೋ ತೂಕದ ಬಟ್ಟಾಗಿಯೋ ಇರಬಹುದು. ಫಲಕದ ಜೊತೆಗೆ ದಪ್ಪ ಕಾಗದದ ಒಂದು ಸನ್ನದೂ ಬರುತ್ತಿತ್ತು. ಅದನ್ನು ಹುಡುಕುವುದು ಇನ್ನೂ ಮುಖ್ಯ. ಫಲಕದ ಮೇಲೆ ಬರೀ ಹೆಸರಿರುತ್ತದೆ, ದರ್ಜೆ, ಪಲ್ಟನ್ (ಸೈನ್ಯದ ತುಕಡಿ) ಯಾವುದೂ ಇರುವುದಿಲ್ಲ. ಸನ್ನದಿನ ಅಡಿಯಲ್ಲಿ ಅವೂ ಇರುತ್ತವೆ. ಹಳೇ ದೇವರ ಪಟ, ಮದುವೆ ಫೋಟೋಗಳ ಚೌಕಟ್ಟಿನ ಹಿಂಬದಿಯ ರಟ್ಟನ್ನೂ ಬಿಚ್ಚಿ ನೋಡಿ. ಚೌಕಟ್ಟು ಮರುಬಳಕೆಯಾದಾಗ ಹಳೇ ಕಾಗದ ಒಳಗೇ ಉಳಿದುಬಿಡುತ್ತದೆ.

ಅಕ್ಷರ ಓದುವ ಆತುರದಲ್ಲಿ ಫಲಕಕ್ಕೆ ಹುಣಸೆಹಣ್ಣು, ಪದಕಕ್ಕೆ ವಿಭೂತಿ ಹಾಕಿ ಉಜ್ಜಬೇಡಿ. ಹುಣಸೆಯ ಹುಳಿ ಕಂಚಿನ ಮೇಲ್ಪದರವನ್ನು ತಿನ್ನುತ್ತದೆ. ವಿಭೂತಿಯ ಪುಡಿ ಬೆಳ್ಳಿಯನ್ನು ಸವೆಸುತ್ತದೆ. ನೂರು ವರ್ಷದ ತಿಕ್ಕಾಟದಿಂದಲೇ ಅಕ್ಷರ ಹೀಗಾಗಿರುವುದು. ಒಣ ಹತ್ತಿ ಬಟ್ಟೆಯಿಂದ ಧೂಳು ಮಾತ್ರ ಒರೆಸಿ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಮೇಲಿನಿಂದ ಬಿಡದೆ ಮೇಜಿನ ಮಟ್ಟದಲ್ಲೇ ಹಿಡಿದು, ಪಕ್ಕದಿಂದ ಓರೆಯಾಗಿ ಬೆಳಕು ಬಿಡಿ. ನುಣುಪಾಗಿ ಕಂಡ ಜಾಗದಲ್ಲೂ ಅಕ್ಷರದ ನೆರಳು ಏಳುತ್ತದೆ. ಟಾರ್ಚನ್ನು ಗಡಿಯಾರದ ಮುಳ್ಳಿನಂತೆ ಸುತ್ತ ಸರಿಸುತ್ತ ಏಳೆಂಟು ಫೋಟೋ ತೆಗೆಯಿರಿ. ಒಂದರಲ್ಲಿ ಕಾಣದ ಅಕ್ಷರ ಇನ್ನೊಂದರಲ್ಲಿ ಕಾಣುತ್ತದೆ. ಅದೂ ಆಗದಿದ್ದರೆ ತೆಳುವಾದ ಬಿಳಿ ಕಾಗದವನ್ನು ಮೇಲಿಟ್ಟು ಮೆತ್ತನೆಯ ಪೆನ್ಸಿಲ್ಲಿನಿಂದ ಹಗುರಾಗಿ ಉಜ್ಜಿ ಅಚ್ಚು ತೆಗೆಯಬಹುದು.

ಪದಕದಲ್ಲಿ ಓದಬೇಕಾದದ್ದು ಮುಖವನ್ನಲ್ಲ, ಅಂಚನ್ನು. ಒಂದು ಕಡೆ ರಾಜನ ತಲೆ, ಇನ್ನೊಂದು ಕಡೆ ಬತ್ತಲೆ ಸವಾರ ಮತ್ತು 1914, 1918 ಎಂಬ ಇಸವಿಗಳಿದ್ದರೆ ಅದು ಬ್ರಿಟಿಷ್ ವಾರ್ ಮೆಡಲ್, ಅಗಲ 36 ಮಿಲಿಮೀಟರ್. ಇದರ ದಪ್ಪದ ಅಂಚಿನ ಸುತ್ತ ಸೇವಾ ಸಂಖ್ಯೆ, ದರ್ಜೆ, ಹೆಸರು, ಪಲ್ಟನ್ ಇಷ್ಟನ್ನೂ ಒತ್ತಿರುತ್ತಾರೆ. ಪಲ್ಟನ್ನಿನ ಹೆಸರು ಮೊಟಕಾಗಿರುತ್ತದೆ. ‘2’ ಎಂಬ ಅಂಕಿ, ‘ಕ್ಯೂ ವಿ ಓ’, ‘ಎಸ್ ಅಂಡ್ ಎಂ’ ಎಂದಿದ್ದರೆ ಅದು ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್, ಅಂದರೆ ಸೈನ್ಯದ ಎಂಜಿನಿಯರ್ ಪಡೆ. ಪಯೋನಿಯರ್ ಎಂಬುದರ ಮೊಟಕಿನ ಹಿಂದೆ 61, 64 ಅಥವಾ 81 ಇದ್ದರೆ ಮದ್ರಾಸ್ ಪಯೋನಿಯರ್ ಪಲ್ಟನ್‌ಗಳು. ಒಂದು ಎಚ್ಚರಿಕೆ: ಈ ಪದಕ ಬದುಕಿ ಬಂದವರಿಗೂ ಸಿಗುತ್ತಿತ್ತು. ಅದು ಸೇವೆಗೆ ಸಾಕ್ಷಿ, ಸಾವಿಗಲ್ಲ. ಪದಕದ ಅಂಚಿನ ಹೆಸರು ಸತ್ತ ಅಣ್ಣತಮ್ಮಂದಿರದ್ದೇ ಆಗಿರಬೇಕೆಂದೂ ಇಲ್ಲ. ನಿಮ್ಮ ಮುತ್ತಾತನೇ ಸೈನ್ಯಕ್ಕೆ ಸೇರಿ ಮರಳಿ ಬಂದಿದ್ದರೆ ಅದು ಅವರದೂ ಇರಬಹುದು. ಇದೇ ಪದಕ ಕಂಚಿನದಾಗಿದ್ದರೆ ಕೂಲಿ ದಳ, ಅಡುಗೆಯವರು, ನೀರು ಹೊರುವವರು ಇಂಥ ಪರಿವಾರದವರದು. ನಿಮ್ಮದು ಬೆಳ್ಳಿ ಎಂದಿದ್ದೀರಿ, ಹಾಗಾಗಿ ಆ ಗೋಜಲು ಇಲ್ಲ.

ಇನ್ನು ಚಿಕ್ಕಪ್ಪನವರ ‘ಕಾನೂನು’. ಆ ಕಾಲದ ಭಾರತೀಯ ಸೈನ್ಯದಲ್ಲಿ ಅಂಥ ನಿಯಮ ಇರಲಿಲ್ಲ. ಆ ಮಾತು ಅಮೆರಿಕದಿಂದ, ಅದೂ ಎರಡನೇ ಮಹಾಯುದ್ಧದ ನಂತರ ಹರಡಿದ್ದು. 1942ರ ನವೆಂಬರ್‌ನಲ್ಲಿ ಜುನೋ ಎಂಬ ಯುದ್ಧನೌಕೆ ಗ್ವಾಡಲ್‌ಕೆನಾಲ್ ಬಳಿ ಮುಳುಗಿದಾಗ ಅದರಲ್ಲಿದ್ದ ಸಲ್ಲಿವನ್ ಮನೆತನದ ಐವರು ಅಣ್ಣತಮ್ಮಂದಿರೂ ಸತ್ತರು. ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡ ಮನೆಯಲ್ಲಿ ಉಳಿದ ಒಬ್ಬನೇ ಮಗನಿಗೆ ಕಡ್ಡಾಯ ಸೇವೆಯಿಂದ ವಿನಾಯಿತಿ ಕೊಡುವ ಕಾನೂನು ಅಲ್ಲಿ ಬಂದದ್ದು 1948ರಲ್ಲಿ. ಬ್ರಿಟನ್ನಿನಲ್ಲೂ ಮೊದಲನೇ ಯುದ್ಧದ ಹೊತ್ತಿಗೆ ಇಂಥದ್ದೇನೂ ಇರಲಿಲ್ಲ. ಲಿಂಕನ್ ಪಟ್ಟಣದ ಬೀಚಿ ಮನೆತನದ ಎಂಟು ಅಣ್ಣತಮ್ಮಂದಿರು ಹೋಗಿ ಐವರು ಸತ್ತರು.

ನಮ್ಮಲ್ಲಂತೂ ಪದ್ಧತಿಯೇ ಉಲ್ಟಾ. ಪಲ್ಟನ್‌ಗಳು ಒಂದೇ ಸೀಮೆಯ, ಒಂದೇ ಸಮುದಾಯದ ಜನರನ್ನು ಒಂದು ಕಂಪನಿಯಲ್ಲಿ ಸೇರಿಸುತ್ತಿದ್ದವು. ರಜೆಗೆ ಊರಿಗೆ ಬಂದ ಹವಾಲ್ದಾರ ವಾಪಸು ಹೋಗುವಾಗ ತಮ್ಮನನ್ನು, ಭಾವಮೈದನನ್ನು, ಪಕ್ಕದ ಮನೆಯ ಹುಡುಗನನ್ನು ಕರೆದುಕೊಂಡು ಹೋಗುವುದು ನೇಮಕಾತಿಯ ಮಾಮೂಲಿ ದಾರಿ. ಅಣ್ಣ ಹವಾಲ್ದಾರ, ತಮ್ಮ ಸಿಪಾಯಿ ಎಂಬ ನಿಮ್ಮ ಮನೆಯ ಮಾತು ಈ ನಡಾವಳಿಗೆ ಸರಿಯಾಗಿ ಹೊಂದುತ್ತದೆ. ಇಬ್ಬರೂ ಒಂದೇ ಪಲ್ಟನ್ನಿನಲ್ಲಿ ಇದ್ದಿರುವ ಸಂಭವವೇ ಹೆಚ್ಚು.

ಇದೇ ನಿಮ್ಮ ಹುಡುಕಾಟದ ಕೀಲಿ. ಒಬ್ಬಂಟಿ ಸಿಪಾಯಿಯನ್ನು ಹುಡುಕುವುದು ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದಂತೆ. ಅಣ್ಣತಮ್ಮಂದಿರಾದರೆ ಒಬ್ಬರ ದಾಖಲೆಯೇ ಇನ್ನೊಬ್ಬರಿಗೆ ಸಾಕ್ಷಿ ಹೇಳುತ್ತದೆ. ಆದ್ದರಿಂದ ಇಬ್ಬರನ್ನೂ ಒಟ್ಟಿಗೆ ಹುಡುಕಬೇಡಿ. ಫಲಕ ಯಾರ ಹೆಸರಿನದೋ ಅವರನ್ನು ಮೊದಲು ಹಿಡಿಯಿರಿ.

‘ಒಂದೇ ದಿನ, ಗುಂಡು ತಗುಲಿ’ ಎಂಬುದನ್ನು ಮಾತ್ರ ಸದ್ಯಕ್ಕೆ ಬದಿಗಿಡಿ. ಮನೆಯವರು ಸುಳ್ಳು ಹೇಳಿದ್ದಾರೆಂದಲ್ಲ. ಮೆಸಪೊಟೇಮಿಯಾದಲ್ಲಿ, ಅಂದರೆ ಇಂದಿನ ಇರಾಕಿನಲ್ಲಿ, ಗುಂಡಿಗಿಂತ ರೋಗಕ್ಕೆ ಬಲಿಯಾದವರೇ ಹೆಚ್ಚು. ಕಾಲರಾ, ಆಮಶಂಕೆ, ಬಿಸಿಲಿನ ಹೊಡೆತ, ತರಕಾರಿ ಹಣ್ಣುಗಳಿಲ್ಲದೆ ಬರುವ ಸ್ಕರ್ವಿ, ಕೊನೆಗೆ 1918ರ ಇನ್‌ಫ್ಲುಯೆಂಜಾ. ‘ಬೇಧಿಯಾಗಿ ಸತ್ತ’ ಎನ್ನುವುದಕ್ಕಿಂತ ‘ಗುಂಡು ತಗುಲಿ ಸತ್ತ’ ಎನ್ನುವುದು ಹೆತ್ತವರ ಬಾಯಿಗೆ ಸುಲಭ. ದಿನದ ವಿಷಯ ಇನ್ನೂ ಸೂಕ್ಷ್ಮ. ಎರಡು ಸಾವಿನ ಸುದ್ದಿ ಒಂದೇ ಟಪಾಲಿನಲ್ಲಿ ಬಂದಿರಬಹುದು. 1916ರ ಏಪ್ರಿಲ್ 29ರಂದು ಕೂಟ್ ಪಟ್ಟಣದಲ್ಲಿದ್ದ ಬ್ರಿಟಿಷ್ ಪಡೆ ತುರ್ಕರಿಗೆ ಶರಣಾದಾಗ ಸೆರೆಯಾದ ಸಾವಿರಾರು ಭಾರತೀಯರಲ್ಲಿ ಎಷ್ಟೋ ಜನ ರಾಸ್ ಅಲ್ ಐನ್‌ನ ರೈಲುಹಾದಿಯ ಕೆಲಸದಲ್ಲಿ, ನಡುದಾರಿಯಲ್ಲಿ ಸತ್ತರು. ಇಂಥವರ ವಿಷಯದಲ್ಲಿ ಸೈನ್ಯವೇ ಆಮೇಲೆ ಒಂದು ಅಂದಾಜು ತಾರೀಖು ಬರೆದುಕೊಂಡದ್ದುಂಟು. ಮೂರನೆಯ ಕಾರಣ ನಮ್ಮ ಮನೆಗಳೊಳಗಿನದು. ಸತ್ತ ತಿಥಿ ಗೊತ್ತಿಲ್ಲದವರಿಗೆ ಮಹಾಲಯ ಅಮಾವಾಸ್ಯೆಗೆ ಎಡೆ ಇಡುವುದು ವಾಡಿಕೆ. ಇಬ್ಬರಿಗೂ ವರ್ಷವರ್ಷ ಒಂದೇ ದಿನ ಎಡೆ ಇಟ್ಟಿದ್ದರೆ ಮೂರನೇ ತಲೆಮಾರಿನ ಹೊತ್ತಿಗೆ ಅದು ‘ಒಂದೇ ದಿನ ಸತ್ತರು’ ಎಂದಾಗುತ್ತದೆ. ನಿಮ್ಮ ಮನೆಯಲ್ಲಿ ಅವರಿಗೆ ಯಾವತ್ತು ಎಡೆ ಇಡುತ್ತಿದ್ದರು ಎಂದು ಅಜ್ಜಿಯರನ್ನು ಕೇಳಿ. ಮಹಾಲಯ ಬಿಟ್ಟು ಬೇರೆ ತಿಥಿಯಿದ್ದರೆ ಅದು ಬೆಲೆಬಾಳುವ ಸುಳಿವು. ಹಳೇ ಪಂಚಾಂಗ ಹಿಡಿದು 1914ರಿಂದ 1919ರವರೆಗೆ ಆ ತಿಥಿ ಯಾವ ತಾರೀಖಿಗೆ ಬಿತ್ತೆಂದು ಪಟ್ಟಿ ಮಾಡಿಟ್ಟುಕೊಳ್ಳಿ.

‘ಬಸ್ರಾ’ವನ್ನೂ ಪೂರ್ತಿ ನಂಬಬೇಡಿ. ಮೆಸಪೊಟೇಮಿಯಾಕ್ಕೆ ಹೋದವರೆಲ್ಲ ಹಡಗಿನಿಂದ ಇಳಿದದ್ದು ಬಸ್ರಾದಲ್ಲಿ. ಊರಿನವರಿಗೆ ಅದೊಂದೇ ಹೆಸರು ಪರಿಚಯ. ಸತ್ತದ್ದು ಅಲ್ಲಿಂದ ನೂರಾರು ಮೈಲಿ ಮೇಲೆ ಟೈಗ್ರಿಸ್ ದಂಡೆಯಲ್ಲಿರಬಹುದು. ಅವರು ಮೈಸೂರು ಲ್ಯಾನ್ಸರ್ಸ್‌ನಲ್ಲಿ ಇದ್ದಿದ್ದರೆ ರಂಗವೇ ಬೇರೆ. ಆ ಕುದುರೆ ಪಡೆ ಹೋರಾಡಿದ್ದು ಈಜಿಪ್ಟ್, ಪ್ಯಾಲೆಸ್ಟೈನ್ ಕಡೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಹಿಡಿದವರಲ್ಲಿ ಅವರೂ ಇದ್ದರು. 61ನೇ ಪಯೋನಿಯರ್ಸ್ ಆಗಿದ್ದರೆ ಪೂರ್ವ ಆಫ್ರಿಕಾ, 1914ರ ನವೆಂಬರ್‌ನ ಟಾಂಗಾ ಕಾಳಗ.

ಇಂಡಿಯಾ ಗೇಟ್‌ನಲ್ಲಿ ಹೆಸರಿಲ್ಲ ಎಂದು ಬೇಸರಿಸಬೇಡಿ. ಅಲ್ಲಿ ಕೆತ್ತಿರುವ 13,000ಕ್ಕೂ ಹೆಚ್ಚು ಹೆಸರುಗಳು ಮುಖ್ಯವಾಗಿ ವಾಯವ್ಯ ಗಡಿಯಲ್ಲಿ ಮತ್ತು 1919ರ ಅಫ್ಘನ್ ಯುದ್ಧದಲ್ಲಿ ಸತ್ತವರದು. ಮೊದಲನೇ ಮಹಾಯುದ್ಧದಲ್ಲಿ ಸತ್ತ ಭಾರತೀಯರೇ 74,000ದಷ್ಟು. ಫ್ರಾನ್ಸಿನಲ್ಲಿ ಸತ್ತು ಸಮಾಧಿ ಗುರುತಿಲ್ಲದವರ ಹೆಸರು ನವ್ ಶಾಪೆಲ್ ಸ್ಮಾರಕದಲ್ಲಿದೆ. ಮೆಸಪೊಟೇಮಿಯಾದಲ್ಲಿ ಸತ್ತು ಸಮಾಧಿ ಇಲ್ಲದವರಿಗೆ ಬಸ್ರಾ ಸ್ಮಾರಕ. ಅದು 40,000ಕ್ಕೂ ಹೆಚ್ಚು ಜನರ ನೆನಪಿನದು, 1997ರಲ್ಲಿ ಅದನ್ನು ಮೂಲ ಜಾಗದಿಂದ ಕಿತ್ತು ನಾಸಿರಿಯಾ ರಸ್ತೆಯ ಮರಳುಗಾಡಿಗೆ ಸಾಗಿಸಿದರು. ಅಲ್ಲಿಗೆ ಹೋಗಿ ನೋಡಿದರೂ ನಿಮ್ಮವರ ಹೆಸರು ಕಾಣುವುದಿಲ್ಲ. ಆ ಗೋಡೆಯ ಮೇಲೆ ಭಾರತೀಯ ಅಧಿಕಾರಿಗಳ ಹೆಸರಿದೆ. ಹವಾಲ್ದಾರ, ನಾಯಕ, ಸಿಪಾಯಿಗಳದು ಬರೀ ಲೆಕ್ಕ. ‘ಇಂಥ ಪಲ್ಟನ್, ಜೊತೆಗೆ ಇಷ್ಟು ಮಂದಿ ಇತರ ಭಾರತೀಯ ಸೈನಿಕರು’ ಎಂದಷ್ಟೇ. ಹವಾಲ್ದಾರ ಎಂಬ ದರ್ಜೆ, ಭಾರತೀಯ ಅಧಿಕಾರಿಗಳಲ್ಲಿ ಕೊನೆಯವನಾದ ಜಮಾದಾರನಿಗಿಂತ ಕೆಳಗೆ. ಅಲ್ಲಿಯೇ ಗೆರೆ ಎಳೆದರು. ಹೆಸರುಗಳು ಪುಸ್ತಕದಲ್ಲಿ ಉಳಿದವು, ಕಲ್ಲಿಗೆ ಏರಲಿಲ್ಲ. ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನೇ ಈ ತಾರತಮ್ಯವನ್ನು 2021ರ ವರದಿಯಲ್ಲಿ ಒಪ್ಪಿಕೊಂಡಿದೆ. ಭಾರತ, ಆಫ್ರಿಕಾ, ಈಜಿಪ್ಟ್ ಮೊದಲಾದ ಕಡೆಯ 45,000ದಿಂದ 54,000 ಮಂದಿಗೆ ಸಮಾನ ಗೌರವ ಸಿಗಲಿಲ್ಲ. ಇನ್ನೂ ಕನಿಷ್ಠ 1,16,000 ಮಂದಿ, ಬಹುಶಃ 3,50,000ದವರೆಗೆ, ಹೆಸರಿನಿಂದ ಗುರುತಿಸಲ್ಪಡಲೇ ಇಲ್ಲ ಎಂಬುದು ಅದರ ಅಂದಾಜು. ಸಮಾಧಿ ಇಲ್ಲ ಎಂಬುದಕ್ಕೂ ತಲೆ ಕೆಡಿಸಿಕೊಳ್ಳಬೇಡಿ. ಹಿಂದೂ ಸಿಪಾಯಿಗಳಿಗೆ ದಹನವೇ ಕ್ರಮವಾಗಿತ್ತು.

ಈಗ ಕೆಲಸಕ್ಕೆ ಬನ್ನಿ. ಆ ಕಮಿಷನ್ನಿನ ವೆಬ್‌ಸೈಟಿನಲ್ಲಿ ಸತ್ತವರ ಪಟ್ಟಿಯನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಹುಡುಕಬಹುದು. ಎಲ್ಲರೂ ಮಾಡುವ ತಪ್ಪು, ಹೆಸರು ಹಾಕಿ ಹುಡುಕುವುದು. ಹಳ್ಳಿಯ ಹುಡುಗ ಬಾಯಲ್ಲಿ ಹೇಳಿದ ಹೆಸರನ್ನು ತಮಿಳೋ ಮರಾಠಿಯೋ ಬಲ್ಲ ಗುಮಾಸ್ತ ತನ್ನ ಕಿವಿಗೆ ಕೇಳಿದಂತೆ ಇಂಗ್ಲಿಷಿನಲ್ಲಿ ಬರೆದ. ಮುನಿಸ್ವಾಮಿ ಎಂಬುದು ಮುನಿಸಾಮಿ, ಮೂನಿಸಾಮಿ, ಮುನುಸಾಮಿ ಆಗುತ್ತದೆ, ಚಿಕ್ಕಣ್ಣ ಚಿನ್ನಣ್ಣನಾಗುತ್ತಾನೆ. ಮನೆಯಲ್ಲಿ ಕರೆಯುತ್ತಿದ್ದ ಹೆಸರು ಒಂದು, ಪಲ್ಟನ್ನಿನಲ್ಲಿ ಬರೆಸಿದ್ದು ಇನ್ನೊಂದು ಎಂಬುದೂ ಉಂಟು. ಆದ್ದರಿಂದ ಮೊದಲು ಯುದ್ಧ, ಭಾರತೀಯ ಸೈನ್ಯ, ಪಲ್ಟನ್ ಇಷ್ಟನ್ನು ಆರಿಸಿ. ಸೇವಾ ಸಂಖ್ಯೆ ಸಿಕ್ಕಿದ್ದರೆ ಅದನ್ನೇ ಹಾಕಿ. ಆಗಿನ ಸಂಖ್ಯೆಗಳು ಆಯಾ ಪಲ್ಟನ್ನಿಗೆ ಸೀಮಿತ. ಅದೇ ಸಂಖ್ಯೆಯ ಬೇರೆ ಪಲ್ಟನ್ನಿನ ಹತ್ತಾರು ಮಂದಿ ಬಂದರೆ ಗಾಬರಿಯಾಗಬೇಡಿ.

ಪ್ರತಿ ಹೆಸರಿನ ಜೊತೆಗೆ ‘ಹೆಚ್ಚಿನ ಮಾಹಿತಿ’ ಎಂಬ ಒಂದು ಅಂಕಣವಿದೆ. ಅದರಲ್ಲಿ ‘ಇಂಥವರ ಮಗ, ಇಂಥ ಊರು, ಇಂಥ ತಾಲ್ಲೂಕು’ ಎಂದು ಇರುವುದುಂಟು. ಇಲ್ಲಿ ಊರಿನ ಇಂದಿನ ಹೆಸರು ಹಾಕಿದರೆ ಏನೂ ಬರುವುದಿಲ್ಲ. ರಾಮನಗರ ಆಗ ಕ್ಲೋಸ್‌ಪೇಟೆ, ಪಾಂಡವಪುರ ಫ್ರೆಂಚ್ ರಾಕ್ಸ್, ಚಿತ್ರದುರ್ಗ ಚಿತಲ್‌ಡ್ರೂಗ್, ಶ್ರೀರಂಗಪಟ್ಟಣ ಸೆರಿಂಗಪಟಂ. ಹಳ್ಳಿಯ ಹೆಸರಿನ ಮೊದಲ ನಾಲ್ಕೈದು ಅಕ್ಷರ ಮಾತ್ರ ಕೊಟ್ಟು ನೋಡಿ, ಬಾಲ ಗುಮಾಸ್ತನ ಮರ್ಜಿಗೆ ಬಿಟ್ಟದ್ದು.

ಒಬ್ಬರು ಸಿಕ್ಕರು ಎನ್ನಿ. ಆ ಅಂಕಣದಲ್ಲಿ ತಂದೆಯ ಹೆಸರು, ಊರು ಯಾವ ಕಾಗುಣಿತದಲ್ಲಿದೆಯೋ ಅದನ್ನೇ ಅಕ್ಷರ ಬದಲಿಸದೆ ಎತ್ತಿಕೊಂಡು ಮತ್ತೆ ಹುಡುಕಿ. ಇಬ್ಬರೂ ಒಂದೇ ಪಲ್ಟನ್ನಿನವರಾಗಿದ್ದರೆ ಒಬ್ಬನೇ ಗುಮಾಸ್ತ ಬರೆದಿರುವ ಸಂಭವ ಹೆಚ್ಚು, ತಪ್ಪೂ ಒಂದೇ ಥರದ್ದಿರುತ್ತದೆ. ಗುಮಾಸ್ತನ ತಪ್ಪೇ ಇಲ್ಲಿ ದಾರಿ ತೋರಿಸುತ್ತದೆ. ಸಾಲದೆ ಬಂದರೆ ಸಂಖ್ಯೆಯನ್ನು ಹಿಡಿಯಿರಿ. ಒಂದೇ ದಿನ ಒಟ್ಟಿಗೆ ಭರ್ತಿಯಾದವರಿಗೆ ಅಕ್ಕಪಕ್ಕದ ಸಂಖ್ಯೆ ಬೀಳುತ್ತಿತ್ತು. ಸಿಕ್ಕ ಸಂಖ್ಯೆಯ ಹಿಂದೆ ಹತ್ತು, ಮುಂದೆ ಹತ್ತು ನೋಡಿ. ಆದರೆ ನಿಮ್ಮವರಲ್ಲಿ ಅಣ್ಣ ಆಗಲೇ ಹವಾಲ್ದಾರ. ಅವರು ಕೆಲವು ವರ್ಷ ಮುಂಚೆ ಸೇರಿದ್ದರೆ ಸಂಖ್ಯೆ ದೂರವೇ ಇರುತ್ತದೆ. ಬ್ರಿಟಿಷ್ ಸೈನಿಕರ ಅಂಕಣದಲ್ಲಿ ‘ಇವನ ಸಹೋದರನೂ ಸೇವೆಯಲ್ಲಿ ಸತ್ತನು’ ಎಂಬ ಸಾಲು ಎಷ್ಟೋ ಕಡೆ ಸಿಗುತ್ತದೆ. ಭಾರತೀಯರದರಲ್ಲಿ ಅಪರೂಪ. ಆ ಸಾಲಿಲ್ಲವೆಂದು ಕೈಬಿಡಬೇಡಿ.

ಇಲ್ಲಿ ಎಡವುವ ಒಂದು ಜಾಗವಿದೆ. ನಮ್ಮ ಮಾತಿನಲ್ಲಿ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳೂ ಅಣ್ಣತಮ್ಮಂದಿರೇ. ಮುತ್ತಾತ ‘ನಮ್ಮಣ್ಣ’ ಎಂದದ್ದು ಒಡಹುಟ್ಟಿದವನನ್ನೋ ದಾಯಾದಿಯನ್ನೋ? ತಂದೆಯ ಹೆಸರು ಬೇರೆಯಿದ್ದ ಮಾತ್ರಕ್ಕೆ ಎರಡನೆಯವರನ್ನು ತಳ್ಳಿಹಾಕಬೇಡಿ. ಊರು ಒಂದೇ ಆಗಿದ್ದರೆ ವಂಶವೃಕ್ಷದಲ್ಲಿ ಆ ತಂದೆ ಇದ್ದಾರಾ ನೋಡಿ. ಹಾಗೆಯೇ ತಂದೆಯ ಹೆಸರು, ಊರು ಎರಡೂ ಹೊಂದಿದ ಮಾತ್ರಕ್ಕೆ ಅವರೇ ಎಂದು ಹಿಗ್ಗಬೇಡಿ. ಒಂದೂರಿನಲ್ಲಿ ನಾಲ್ಕು ಮುನಿಯಪ್ಪಂದಿರು ಇರುವುದು ಏನು ಮಹಾ! ತಂದೆ, ಊರು, ಇವುಗಳ ಜೊತೆಗೆ ಪದಕದ ಸಂಖ್ಯೆ, ಪಲ್ಟನ್, ದರ್ಜೆ, ತಿಥಿ ಇವುಗಳಲ್ಲಿ ಒಂದಾದರೂ ಹೊಂದಲಿ. ಮೂರು ಹೊಂದಿದರೆ ಒಪ್ಪಿಕೊಳ್ಳಿ, ಎರಡೇ ಆದರೆ ‘ಇರಬಹುದು’ ಎಂದು ಬರೆದಿಡಿ.

ಸೇವಾ ದಾಖಲೆಯ ವಿಷಯದಲ್ಲಿ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಭಾರತೀಯ ಸಿಪಾಯಿಗಳ ವೈಯಕ್ತಿಕ ಕಾಗದಗಳು ಲಂಡನ್ನಿಗೆ ಹೋಗಲಿಲ್ಲ, ಇಲ್ಲಿಯೇ ಪಲ್ಟನ್ನಿನ ಡಿಪೋಗಳಲ್ಲಿದ್ದವು. 1922ರಲ್ಲಿ ಪಲ್ಟನ್‌ಗಳನ್ನು ಒಟ್ಟುಗೂಡಿಸಿ ಸಂಖ್ಯೆ ಬದಲಿಸಿದಾಗ, ಆಮೇಲೆ ಮದ್ರಾಸಿನ ಹಲವು ಪಲ್ಟನ್‌ಗಳನ್ನು ವಿಸರ್ಜಿಸಿದಾಗ, 1947ರಲ್ಲಿ ಸೈನ್ಯವೇ ಎರಡು ಹೋಳಾದಾಗ ಕಾಗದಗಳು ಚದುರಿದವು. ಮದ್ರಾಸ್ ಪಯೋನಿಯರ್ಸ್ 1933ರಲ್ಲೇ ಮುಚ್ಚಿಹೋಯಿತು. ಮದ್ರಾಸ್ ಸ್ಯಾಪರ್ಸ್ ಆಗಿದ್ದರೆ ಅದರ ವಾರಸುದಾರ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್. 110 ಅಥವಾ 117ನೇ ಮರಾಠಾ ಪಲ್ಟನ್ ಆಗಿದ್ದರೆ ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ. ಆ ರೆಕಾರ್ಡ್ ಆಫೀಸಿಗೆ ಒಂದೇ ಪುಟದ ಪತ್ರ ಬರೆಯಿರಿ: ಸಂಖ್ಯೆ, ದರ್ಜೆ, ಪದಕದ ಮೇಲಿರುವ ಕಾಗುಣಿತದಲ್ಲೇ ಹೆಸರು, ಹಳೇ ಪಲ್ಟನ್ನಿನ ಹೆಸರು, ತಂದೆ, ಊರು, ಜೊತೆಗೆ ಪದಕದ ಅಂಚಿನ ಫೋಟೋ. ‘ಮಾಹಿತಿ ಕೊಡಿ’ ಎನ್ನುವ ಬದಲು ‘ಈ ಸಂಖ್ಯೆಯ ಶೀಟ್ ರೋಲ್ (ಸಿಪಾಯಿಯ ಸೇವಾ ವಿವರದ ಹಾಳೆ) ಅಥವಾ ಸಾವಿನ ಪಟ್ಟಿಯ ನಮೂದು ನಿಮ್ಮಲ್ಲಿದೆಯೇ’ ಎಂದು ನೇರ ಕೇಳಿ. ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕದಲ್ಲಿ ಕೇಳಿದರೂ ಇದ್ದರೆ ಮಾತ್ರ ಕೊಟ್ಟಾರು. ಲ್ಯಾನ್ಸರ್ಸ್ ಅಥವಾ ಸಂಸ್ಥಾನದ ಬೇರೆ ಪಡೆ ಎಂದು ತಿಳಿದರೆ ದಾರಿ ಬೇರೆ. ಮೈಸೂರು ಸರ್ಕಾರದ ಹಳೇ ಕಡತಗಳು ರಾಜ್ಯ ಪತ್ರಾಗಾರ ಇಲಾಖೆಯಲ್ಲಿವೆ.

ಸಾವಿನ ದಿನ ಏನಾಯಿತೆಂದು ತಿಳಿಯಲು ಪಲ್ಟನ್ನಿನ ಯುದ್ಧ ದಿನಚರಿ ಇದೆ, ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ. ಅದರಲ್ಲಿ ಸಿಪಾಯಿಗಳ ಹೆಸರು ಬರುವುದು ಅಪರೂಪ. ಆದರೆ ‘ಇಂದು ಕಾಲರಾದಿಂದ ಮೂವರು’ ಎಂಬ ಒಂದು ಸಾಲು ಸಿಕ್ಕರೂ ಗುಂಡೋ ಬೇನೆಯೋ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಂತೆ.

ಏಜೆಂಟನ ವಿಷಯಕ್ಕೆ ಹೆಚ್ಚು ಮಾತು ಬೇಡ. ಆಗ ಹಣ ಬಂದಿದ್ದರೆ ಅದು ಹೆಂಡತಿಗೋ ತಂದೆತಾಯಿಗೋ ಕುಟುಂಬ ಪಿಂಚಣಿಯಾಗಿ ಬಂದು, ಅವರ ಕಾಲಕ್ಕೇ ಮುಗಿದಿರುತ್ತದೆ. ಮುತ್ತಾತನ ಅಣ್ಣಂದಿರ ಲೆಕ್ಕದಲ್ಲಿ ಇಂದಿನ ಮರಿಮಕ್ಕಳಿಗೆ ದುಡ್ಡು ಕೊಡುವ ಯೋಜನೆ ಇಲ್ಲ. ಅವನು 18,000 ರೂಪಾಯಿಗೆ ತೆಗೆಸಿಕೊಡುವ ‘ದಾಖಲೆ’ ಹೆಚ್ಚೆಂದರೆ ಕಮಿಷನ್ನಿನ ವೆಬ್‌ಸೈಟಿನಿಂದ ನೀವೇ ಕಾಸಿಲ್ಲದೆ ಇಳಿಸಿಕೊಳ್ಳಬಹುದಾದ ಸ್ಮರಣಪತ್ರ. ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ಕೊಡಬೇಡಿ. ಪದಕ, ಫಲಕಗಳನ್ನು ‘ಪರಿಶೀಲನೆಗೆ’ ಅಂತಲೂ ಕೈಗೆ ಕೊಡಬೇಡಿ. ಅವಕ್ಕೆ ಸಂಗ್ರಾಹಕರ ಮಾರುಕಟ್ಟೆ ಇದೆ, ಹೋದರೆ ವಾಪಸು ಬರುವುದಿಲ್ಲ.

ಎಲ್ಲ ಹುಡುಕಿದ ಮೇಲೂ ಒಬ್ಬರು ಸಿಕ್ಕಿ ಇನ್ನೊಬ್ಬರು ಸಿಗದಿದ್ದರೆ? ಹೆಸರು ಬಿಟ್ಟುಹೋಗಿದೆ ಎಂದು ಕಮಿಷನ್ನಿಗೆ ಮನವಿ ಸಲ್ಲಿಸಬಹುದು, ಶುಲ್ಕವಿಲ್ಲ. ಸಾವು 1914ರ ಆಗಸ್ಟ್ 4 ಮತ್ತು 1921ರ ಆಗಸ್ಟ್ 31ರ ನಡುವೆ ಆಗಿರಬೇಕು. ಸೇವೆಯಲ್ಲಿದ್ದಾಗ ಸತ್ತರೆ ಸಾವಿನ ಕಾರಣ ಏನಾದರೂ ಆಗಲಿ, ನಡೆಯುತ್ತದೆ. ಸೇವೆಯಿಂದ ಬಿಡುಗಡೆಯಾಗಿ ಊರಿಗೆ ಬಂದು ಸತ್ತಿದ್ದರೆ, ಆ ಕಾಯಿಲೆ ಸೇವೆಯಿಂದಲೇ ಬಂದದ್ದೆಂದು ತೋರಿಸಬೇಕು. ಅದು ಕಷ್ಟ. ಪೆಟ್ಟಿಗೆಯಲ್ಲಿರುವುದು ಕಂಚಿನ ಸ್ಮರಣಫಲಕವೇ ಹೌದಾದರೆ ಒಬ್ಬರ ಮಟ್ಟಿಗೆ ಅದು ಗಟ್ಟಿ ಆಧಾರ. ಇನ್ನೊಬ್ಬರಿಗೆ ಬರೀ ಮನೆಮಾತು ಸಾಲದು. ಪದಕ, ಸನ್ನದು, ಪಿಂಚಣಿ ಕಾಗದ, ಸಂಖ್ಯೆ ಏನಾದರೂ ಬೇಕು. ಆಧಾರ ಕಡಿಮೆಯಿರುವಾಗಲೇ ಅವಸರದಿಂದ ಅರ್ಜಿ ಹಾಕಿ ತಿರಸ್ಕಾರ ಪಡೆಯುವುದಕ್ಕಿಂತ, ಹವಾಲ್ದಾರರ ಹೆಂಡತಿಯ ತವರುಮನೆ ನೋಡಿಬರುವವರೆಗೆ ಕಾಯುವುದು ಒಳ್ಳೆಯದು. ಒಬ್ಬರದು ಮೊದಲೇ ಪಟ್ಟಿಯಲ್ಲಿದ್ದರೆ ಅರ್ಜಿಯಲ್ಲಿ ಅವರ ನಮೂದನ್ನು ತಪ್ಪದೆ ಉಲ್ಲೇಖಿಸಿ, ಅದೇ ತಂದೆ, ಅದೇ ಊರು, ಅದೇ ಪಲ್ಟನ್ ಎಂದು ಪಕ್ಕಪಕ್ಕ ಇಟ್ಟು ತೋರಿಸಿ.

ಕಲ್ಲು ಖಂಡಿತ ನಿಲ್ಲಿಸಿ, ಎಲ್ಲ ದಾಖಲೆ ಸಿಗುವವರೆಗೆ ತಡೆಯಬೇಕಿಲ್ಲ. ವೀರಗಲ್ಲು ನಿಲ್ಲಿಸಿದ ನಾಡಿನಲ್ಲಿ ಅದಕ್ಕೆ ಯಾರ ಅಪ್ಪಣೆಯೂ ಬೇಡ, ಜಾಗ ನಿಮ್ಮ ಸ್ವಂತದ್ದಾಗಿದ್ದರೆ. ಗ್ರಾಮಠಾಣಾ ಅಥವಾ ರಸ್ತೆ ಬದಿಯಾದರೆ ಪಂಚಾಯಿತಿಯ ಒಪ್ಪಿಗೆ ಲಿಖಿತವಾಗಿ ಪಡೆಯಿರಿ. ಕೆತ್ತುವಾಗ ಒಂದು ಬಿಗಿ ಇರಲಿ: ಮನೆಯಲ್ಲಿ ಕರೆಯುತ್ತಿದ್ದ ಹೆಸರು ಕನ್ನಡದಲ್ಲಿ, ತಂದೆಯ ಹೆಸರು, ‘ಮೊದಲನೇ ಮಹಾಯುದ್ಧ’, ಇಷ್ಟು ಸಾಕು. ‘ಬಸ್ರಾ’, ‘ಗುಂಡು’, ‘ಒಂದೇ ದಿನ’ ಎಂಬುದು ಸಾಬೀತಾಗುವವರೆಗೆ ಬೇಡ. ಗ್ರಾನೈಟಿನಲ್ಲಿ ಒಮ್ಮೆ ಕೊರೆದದ್ದನ್ನು ತಿದ್ದಬೇಕಾದರೆ ಇಡೀ ಮುಖ ಉಜ್ಜಿಸಬೇಕು. ಪ್ರತಿ ಹೆಸರಿನ ಕೆಳಗೆ ಎರಡು ಸಾಲಿನ ಜಾಗ ಖಾಲಿ ಬಿಡಲು ಕಲ್ಲುಕುಟಿಗರಿಗೆ ಈಗಲೇ ಹೇಳಿಡಿ. ಪಲ್ಟನ್ನಿನ ಹೆಸರು ಮತ್ತು ತಾರೀಖು ಅಲ್ಲಿಗೆ ಬರಲಿ.